ಕ್ಯಾಂಪರ್ ಟ್ರೇಲರ್ ನೆಲ ರಿಪೇರಿಗೆ ಕೊಡುವ ಮುಂಚೆ ಇದನ್ನು ಓದಿ

ಕೊಡಗಿನಲ್ಲಿ ಕ್ಯಾಂಪರ್ ಟ್ರೇಲರ್ (ಒಳಗೆ ಮಲಗಿ, ಅಡುಗೆ ಮಾಡಿಕೊಳ್ಳಬಹುದಾದ, ಜೀಪಿನ ಹಿಂದೆ ಎಳೆಯುವ ಗಾಡಿ) ಇಟ್ಟುಕೊಂಡವರು ಈಗ ಅಲ್ಲೊಬ್ಬರು ಇಲ್ಲೊಬ್ಬರು ಇದ್ದಾರೆ. ಹೋಂಸ್ಟೇ ಹಿಂದೆ, ತೋಟದ ಅಂಗಳದಲ್ಲಿ, ಸಿಲ್ವರ್ ಓಕ್ ಮರದಡಿ ನಿಂತಿರುವುದನ್ನು ನೋಡುತ್ತಿರುತ್ತೇನೆ. ಅವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ. ನೆಲ ಮೆತ್ತಗಾಗಿದೆ ಅಂತ ವರ್ಕ್‌ಶಾಪಿಗೆ ಕೊಡುವ ಯೋಚನೆ ಇದ್ದರೆ ದಯವಿಟ್ಟು ಐದು ನಿಮಿಷ ಕೊಡಿ. ನಮಗೆ ಹೋಗಿದ್ದು ಬರೀ ದುಡ್ಡಲ್ಲ. ಗ್ಯಾಸ್ ಸೋರಿದ್ದರೆ ಒಳಗೆ ಮಲಗಿದವರು ಎದ್ದು ಬರುವುದೇ ಕಷ್ಟ ಎನ್ನುವ ಸ್ಥಿತಿಗೆ ಗಾಡಿಯನ್ನು ತಂದಿಟ್ಟಿದ್ದರು.

ನಮ್ಮದು ಜೀಪಿನ ಹಿಂದೆ ಎಳೆಯುವ ಚಿಕ್ಕ ಟ್ರೇಲರ್. ಕಬ್ಬಿಣದ ಛಾಸಿ ಅಂದರೆ ಅಡಿಯ ಚೌಕಟ್ಟು, ಅದರ ಮೇಲೆ 12 ಮಿ.ಮೀ. ಪ್ಲೈವುಡ್, ಅದರ ಮೇಲೆ ವಿನೈಲ್ ಶೀಟ್. ಸುಂಟಿಕೊಪ್ಪದ ಹತ್ತಿರ ತೋಟದಲ್ಲಿ ನಿಲ್ಲಿಸುತ್ತೇವೆ. ಒಂದು ಮಳೆಗಾಲ ಕಳೆದ ಮೇಲೆ ಬಾಗಿಲ ಹತ್ತಿರ ಕಾಲಿಟ್ಟರೆ ನೆಲ ತಗ್ಗಿ ಮೇಲೇಳುತ್ತಿತ್ತು. ವಿನೈಲ್ ಮೇಲೆ ಏನೂ ಕಾಣುತ್ತಿರಲಿಲ್ಲ. ಮುಗ್ಗಲು ವಾಸನೆ ಮಾತ್ರ ಇತ್ತು.

ಬಯಲುಸೀಮೆ ಕಡೆಯ ಒಂದು ವರ್ಕ್‌ಶಾಪಿಗೆ ಕೊಟ್ಟೆವು. ಹೆಸರು ಬರೆಯುವುದಿಲ್ಲ. ಹಳೆ ನೆಲ ಪೂರ್ತಿ ತೆಗೆದು 12 ಮಿ.ಮೀ. ಮರೀನ್ ಪ್ಲೈ, ಅಂದರೆ ನೀರು ಚೆನ್ನಾಗಿ ತಡೆಯುವ ಪ್ಲೈವುಡ್, ಹಾಕುತ್ತೇವೆ ಅಂದರು. ಬಿಲ್ಲಿನಲ್ಲೂ ಹಾಗೆಯೇ ಬರೆದರು. ಗಾಡಿ ವಾಪಸ್ ಬಂದಾಗ ಬಹಳ ಚೆನ್ನಾಗಿ ಕಾಣುತ್ತಿತ್ತು. ಮರದ ಡಿಸೈನಿನ ಹೊಸ ವಿನೈಲ್, ಅಡಿಯಲ್ಲಿ ಕಪ್ಪು ಟಾರಿನ ಕೋಟಿಂಗ್, ಸಂದಿ ಸಂದಿಗೂ ಬಿಳಿ ಸಿಲಿಕಾನ್. ಯಾರು ನೋಡಿದರೂ ಕೆಲಸ ನೀಟಾಗಿದೆ ಅಂತಲೇ ಹೇಳುತ್ತಿದ್ದರು.

ಮುಂದಿನ ಮಳೆಗಾಲ. ಕಕ್ಕಡ ತಿಂಗಳು (ಜುಲೈ ಮಧ್ಯ) ಶುರುವಾಗುವಷ್ಟರಲ್ಲಿ ವಾಸನೆ ಮತ್ತೆ ಬಂತು, ಮೊದಲಿಗಿಂತ ಜಾಸ್ತಿ. ಕೈಲ್‌ಪೊಳ್ದ್ ಹಬ್ಬ (ಸೆಪ್ಟೆಂಬರ್ ಮೊದಲ ವಾರ) ಕಳೆದು ಸ್ವಲ್ಪ ಬಿಸಿಲು ಬಿದ್ದಾಗ ಅತ್ತಿಗೆ ಒಳಗೆ ಹತ್ತಿದರು. ಬಲಗಾಲು ವಿನೈಲ್ ಸಮೇತ ಪಾದದ ಗಂಟಿನವರೆಗೆ ಒಳಗೆ ಹೋಯಿತು. ಕಾಲು ತರಚಿತು, ಪುಣ್ಯಕ್ಕೆ ಮುರಿಯಲಿಲ್ಲ.

ಆಮೇಲೆ ನಮ್ಮ ಊರಿನ ಬಡಗಿಯನ್ನು ಕರೆಸಿ ನೆಲ ಬಿಚ್ಚಿಸಿದೆವು. ವಿನೈಲ್ ಕೆಳಗೆ ಸಿಕ್ಕಿದ್ದು 6 ಮಿ.ಮೀ. ಪ್ಲೈ. ಅದರ ಕೆಳಗೆ ನಮ್ಮ ಹಳೆಯ ನೆಲ ಹಾಗೆಯೇ ಇತ್ತು! ಒಂದು ಇಂಚೂ ತೆಗೆದಿರಲಿಲ್ಲ. ಬಡಗಿ ಸ್ಕ್ರೂ ಡ್ರೈವರ್ ಇಟ್ಟು ಒತ್ತಿದರೆ ಹಿಡಿಯವರೆಗೆ ಇಳಿಯಿತು. ಮರ ಪೂರ್ತಿ ಲಡ್ಡಾಗಿತ್ತು. ಎರಡು ಪದರದ ನಡುವೆ ಬಿಳಿ ಬೂಷ್ಟಿನ ಎಳೆಗಳು ಹರಡಿಕೊಂಡಿದ್ದವು. ಕೈಗೆ ತೆಗೆದುಕೊಂಡು ಹಿಂಡಿದರೆ ಕಂದು ನೀರು ಬೆರಳ ಸಂದಿಯಿಂದ ಇಳಿಯಿತು. "ಇದು ರಿಪೇರಿ ಅಲ್ಲ, ಮುಚ್ಚಿಟ್ಟಿದ್ದಾರೆ" ಅಂದರು ಬಡಗಿ.

ಮುಚ್ಚಿದ್ದರಿಂದಲೇ ಇಷ್ಟು ಬೇಗ ಹಾಳಾಗಿದ್ದು. ಮರ ತಿನ್ನುವ ಬೂಷ್ಟಿಗೆ ಮರದಲ್ಲಿ ಸುಮಾರು 20 ಶೇಕಡಕ್ಕಿಂತ ಜಾಸ್ತಿ ತೇವ ಬೇಕು. ಕೊಡಗಿನ ಮಳೆಗಾಲದಲ್ಲಿ ಆ ತೇವ ಸುಲಭವಾಗಿ ಸಿಗುತ್ತದೆ. ಹಳೆಯ ನೆಲಕ್ಕೆ ಕೊನೆಪಕ್ಷ ಅಡಿಯಿಂದ ಗಾಳಿ ಆಡುತ್ತಿತ್ತು, ಬೇಸಿಗೆಯಲ್ಲಿ ಅಷ್ಟಿಷ್ಟು ಒಣಗುತ್ತಿತ್ತು. ಇವರು ಒದ್ದೆ ಪ್ಲೈಗೇ ಅಡಿಯಿಂದ ಟಾರ್ ಬಳಿದು, ಮೇಲಿಂದ ವಿನೈಲ್ ಅಂಟಿಸಿ, ಒಳಗಿನ ನೀರು ಹೊರಗೆ ಹೋಗುವ ದಾರಿಯನ್ನೇ ಮುಚ್ಚಿಬಿಟ್ಟರು. ಕೋಟಿಂಗ್ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಒಣಗಿದ ಹೊಸ ಪ್ಲೈಗೆ ಹಚ್ಚಿದರೆ ಒಳ್ಳೆಯದೇ. ಒದ್ದೆಗೆ ಹಚ್ಚಬಾರದು.

ಈಗ ಗ್ಯಾಸಿನ ವಿಷಯ. ಬೇರೆ ಏನನ್ನು ಮರೆತರೂ ಇದನ್ನು ಮರೆಯಬೇಡಿ.

ಅಡುಗೆ ಗ್ಯಾಸ್ ಗಾಳಿಗಿಂತ ಭಾರ. ಸೋರಿದರೆ ಮೇಲಕ್ಕೆ ಹೋಗುವುದಿಲ್ಲ, ನೆಲದ ಮೇಲೆ ಹರಡಿ ನಿಲ್ಲುತ್ತದೆ. ಅದಕ್ಕೇ ಟ್ರೇಲರ್‌ಗಳಲ್ಲಿ ಸಿಲಿಂಡರ್ ಇಡುವ ಪೆಟ್ಟಿಗೆಯ ತಳದಲ್ಲಿ, ಸ್ಟವ್ ಹತ್ತಿರದ ನೆಲದಲ್ಲಿ ತೂತು ಬಿಟ್ಟಿರುತ್ತಾರೆ. ಸೋರಿದ ಗ್ಯಾಸ್ ಅಲ್ಲಿಂದ ಕೆಳಗೆ ಇಳಿದು ಹೊರಗೆ ಹೋಗಬೇಕು. ನಮ್ಮ ಗಾಡಿಯಲ್ಲಿ ಈ ತೂತುಗಳನ್ನೆಲ್ಲ ಮುಚ್ಚಿದ್ದರು. ಸ್ಟವ್ ಹತ್ತಿರದ್ದರ ಮೇಲೆ ಹೊಸ ಪ್ಲೈ ಮತ್ತು ವಿನೈಲ್, ಪೆಟ್ಟಿಗೆಯದ್ದಕ್ಕೆ ಅಡಿಯಿಂದ ಟಾರ್. ಅಷ್ಟು ತಿಂಗಳು ನಾವು ಅದರೊಳಗೆ ಕಾಫಿ ಕಾಯಿಸಿದ್ದೇವೆ, ಮಕ್ಕಳನ್ನು ಮಲಗಿಸಿದ್ದೇವೆ. ಮಕ್ಕಳು ಮಲಗುವುದು ಕೆಳಗಿನ ಹಾಸಿಗೆಯಲ್ಲಿ. ನೆನೆಸಿಕೊಂಡರೆ ಈಗಲೂ ಕೈ ನಡುಗುತ್ತದೆ.

ಇನ್ನೊಂದು. ಪ್ಲೈ ಕೂರಿಸಲು ಹೊಡೆದ ಸ್ಕ್ರೂಗಳಲ್ಲಿ ಒಂದು ತಾಮ್ರದ ಗ್ಯಾಸ್ ಪೈಪಿನ ಪಕ್ಕದಲ್ಲೇ ಹೊರಗೆ ಬಂದಿತ್ತು. ನಡುವೆ ಬೆರಳು ತೂರುವಷ್ಟೂ ಜಾಗ ಇರಲಿಲ್ಲ. ಮೇಲಿಂದ ಡ್ರಿಲ್ ಮಾಡುವವರು ಒಮ್ಮೆಯಾದರೂ ಅಡಿಗೆ ಬಗ್ಗಿ ನೋಡಿದ್ದರೆ ಹೀಗಾಗುತ್ತಿರಲಿಲ್ಲ. ಪೈಪು, ವೈರು ಎಲ್ಲ ಹೋಗುವುದು ನೆಲದ ಅಡಿಯಲ್ಲೇ ಅಲ್ವಾ? ನಿಮ್ಮ ಗಾಡಿ ರಿಪೇರಿಯಾಗಿ ಬಂದ ದಿನವೇ ಟಾರ್ಚ್ ಹಿಡಿದು ಅಡಿಗೆ ಹೋಗಿ. ಪ್ರತಿ ಸ್ಕ್ರೂ ತುದಿ ಎಲ್ಲಿ ಬಂದಿದೆ, ಗಾಳಿ ತೂತು ಎಲ್ಲೆಲ್ಲಿ ತೆರೆದಿದೆ ನೋಡಿ. ಆಮೇಲೆ ಸೋಪಿನ ನೀರು ಹಚ್ಚಿ ಗ್ಯಾಸ್ ಪೈಪಿನ ಜಾಯಿಂಟ್‌ಗಳನ್ನು ಪರೀಕ್ಷಿಸಿ. ಗುಳ್ಳೆ ಬಂದರೆ ಸಿಲಿಂಡರ್ ಬಂದ್ ಮಾಡಿ, ಸರಿಯಾಗುವವರೆಗೆ ಸ್ಟವ್ ಹಚ್ಚಬೇಡಿ.

ಪ್ಲೈವುಡ್ ವಿಷಯಕ್ಕೆ ಬರುತ್ತೇನೆ. ಅಂಗಡಿಗಳಲ್ಲಿ ಮುಖ್ಯವಾಗಿ ಮೂರು ಥರ ಸಿಗುತ್ತದೆ. ಎಂಆರ್ ಅಂದರೆ ಮನೆಯೊಳಗಿನ ಕಪಾಟಿಗೆ. ಬಿಡಬ್ಲ್ಯೂಆರ್ ಸ್ವಲ್ಪ ನೀರು ತಡೆಯುತ್ತದೆ. ಇವೆರಡೂ ಐಎಸ್ 303 ಎನ್ನುವ ಭಾರತೀಯ ಮಾನಕದ ಅಡಿಯಲ್ಲಿ ಬರುತ್ತವೆ. ಮರೀನ್ ಪ್ಲೈಗೆ ಇರುವುದು ಐಎಸ್ 710. ಅದರ ತುಂಡನ್ನು 72 ಗಂಟೆ ನೀರಿನಲ್ಲಿ ಕುದಿಸಿದರೂ ಪದರ ಬಿಡಬಾರದು ಅಂತ ನಿಯಮ. ಹಾಳೆಯ ಮೇಲೆ ಐಎಸ್‌ಐ ಗುರುತು, ಐಎಸ್ 710, ಜೊತೆಗೆ ಸಿಎಂ/ಎಲ್ ಅಂತ ಶುರುವಾಗುವ ಲೈಸೆನ್ಸ್ ನಂಬರ್ ಇರಬೇಕು. ಆ ನಂಬರನ್ನು ಭಾರತೀಯ ಮಾನಕ ಬ್ಯೂರೋದ ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿದರೆ ನಿಜವೋ ಸುಳ್ಳೋ ಗೊತ್ತಾಗುತ್ತದೆ. ಪ್ಲೈ ಕೂರಿಸಿ ವಿನೈಲ್ ಹಾಕಿದ ಮೇಲೆ ಯಾವ ಗುರುತೂ ಕಾಣುವುದಿಲ್ಲ. ಆದ್ದರಿಂದ ಹಾಕುವ ಮುಂಚೆಯೇ ಫೋಟೊ ತರಿಸಿಕೊಳ್ಳಿ, ಸಾಧ್ಯವಾದರೆ ಪ್ಲೈ ನೀವೇ ತಂದುಕೊಡಿ.

ನಮ್ಮ ಗಾಡಿಯ 6 ಮಿ.ಮೀ. ಪ್ಲೈಯ ಒಣ ಮೂಲೆಯಿಂದ ಒಂದು ತುಂಡು ಕತ್ತರಿಸಿ ಪಾತ್ರೆಯಲ್ಲಿ ಕುದಿಸಿದೆವು. ಮಧ್ಯಾಹ್ನ ಇಟ್ಟದ್ದು ಸಂಜೆಯೊಳಗೆ ಪದರ ಪದರವಾಗಿ ಬಿಟ್ಟುಕೊಂಡಿತು. ಹೊಸದಾಗಿ ತಂದ ಮರೀನ್ ಪ್ಲೈಯ ತುಂಡು ಅದೇ ಪಾತ್ರೆಯಲ್ಲಿ ಗಟ್ಟಿಯಾಗಿಯೇ ಇತ್ತು. ಇದು ಲ್ಯಾಬ್ ಪರೀಕ್ಷೆ ಅಲ್ಲ, ಆದರೆ ಕಣ್ಣಿಗೆ ಕಾಣುವ ವ್ಯತ್ಯಾಸ ಅಷ್ಟಿದೆ. "ದಪ್ಪ ಹಾಕಿದರೆ ಸಾಕು, 18 ಮಿ.ಮೀ. ಹಾಕಿಬಿಡಿ" ಅಂತ ಕೆಲವರು ಹೇಳುತ್ತಾರೆ. ಎಂಟಡಿ ನಾಲ್ಕಡಿಯ ಒಂದು ಹಾಳೆಗೆ ಹನ್ನೆರಡು ಕಿಲೋದಷ್ಟು ಭಾರ ಸುಮ್ನೆ ಜಾಸ್ತಿಯಾಗುತ್ತದೆ. ಆನೆಕಾಡು ದಾಟಿ ಮಡಿಕೇರಿ ಏರು ಹತ್ತಿಸುವಾಗ ಅದನ್ನೂ ಜೀಪೇ ಎಳೆಯಬೇಕು.

ಎಷ್ಟೇ ಒಳ್ಳೆಯ ಪ್ಲೈ ಆದರೂ ಅಂಚು ಹಾಗೇ ಬಿಟ್ಟರೆ ಪ್ರಯೋಜನ ಇಲ್ಲ. ದೀಪದ ಬತ್ತಿ ಎಣ್ಣೆ ಹೀರಿದ ಹಾಗೆ ಕತ್ತರಿಸಿದ ಅಂಚು ನೀರು ಹೀರುತ್ತದೆ. ಅಂಚಿಗೂ ಸ್ಕ್ರೂ ತೂತಿಗೂ ಎಪಾಕ್ಸಿ (ಗಟ್ಟಿಯಾಗಿ ಒಣಗುವ ರಾಳ) ಎರಡು ಸಲ ಹಚ್ಚಬೇಕು. ಸ್ಕ್ರೂ ಸ್ಟೇನ್‌ಲೆಸ್ ಇರಲಿ. ಸಂದಿಗೆ ಪಾಲಿಯುರೆಥೇನ್ ಸೀಲಂಟ್ ಹಾಕಿಸಿ, ಪಟ್ಟಿ, ಚೌಕಟ್ಟು ಬಿಗಿಯುವ ಕಡೆ ಬ್ಯುಟೈಲ್ ಟೇಪ್ (ರಬ್ಬರಿನಂಥ ಅಂಟುಪಟ್ಟಿ). ಹಚ್ಚುವಾಗ ವಿನೆಗರ್ ಥರ ವಾಸನೆ ಬರುವ ಅಗ್ಗದ ಸಿಲಿಕಾನ್ ಬೇಡವೇ ಬೇಡ. ಅದು ಒಣಗುವಾಗ ಬಿಡುವ ಆಸಿಡ್ ಕಬ್ಬಿಣಕ್ಕೆ ತುಕ್ಕು ಹಿಡಿಸುತ್ತದೆ. ಒಮ್ಮೆ ಹಚ್ಚಿದ ಮೇಲೆ ಅದರ ಮೇಲೆ ಬೇರೆ ಏನೂ ಅಂಟುವುದೂ ಇಲ್ಲ. ನಮ್ಮ ಗಾಡಿಯಿಂದ ಅದನ್ನು ಬ್ಲೇಡಿನಲ್ಲಿ ಕೆರೆದು ತೆಗೆಯುವುದೇ ದೊಡ್ಡ ಕೆಲಸವಾಯಿತು.

ಇಷ್ಟೆಲ್ಲ ಆದರೂ ನೀರು ಎಲ್ಲಿಂದ ಬರುತ್ತಿದೆ ಎನ್ನುವುದನ್ನು ಆ ವರ್ಕ್‌ಶಾಪಿನವರು ನೋಡಿಯೇ ಇರಲಿಲ್ಲ. ನೆಲ ಹಾಳಾಗುವುದು ಸಾಮಾನ್ಯವಾಗಿ ಬೇರೆ ಕಡೆಯ ಸೋರಿಕೆಯಿಂದ. ಛಾವಣಿಯ ಅಂಚಿನ ಪಟ್ಟಿ, ಕಿಟಕಿ, ಬಾಗಿಲ ಹೊಸಿಲು, ಚಕ್ರದ ಮೇಲಿನ ಕಮಾನು ನೆಲಕ್ಕೆ ಸೇರುವ ಜಾಗ. ಛಾವಣಿಯಲ್ಲಿ ಒಳಗೆ ಹೋದ ನೀರು ಗೋಡೆಯೊಳಗೇ ಇಳಿದು ನೆಲದ ಮೂಲೆಯಲ್ಲಿ ಸೇರುತ್ತದೆ. ಹುಡುಕುವುದು ಕಷ್ಟವಲ್ಲ. ಒಬ್ಬರು ಒಳಗೆ ಟಾರ್ಚ್, ಟಿಶ್ಯೂ ಕಾಗದ ಹಿಡಿದು ಕೂರಬೇಕು. ಇನ್ನೊಬ್ಬರು ಹೊರಗಿಂದ ಪೈಪಿನಲ್ಲಿ ನೀರು ಬಿಡಬೇಕು. ಕೆಳಗಿನಿಂದ ಶುರು ಮಾಡಿ, ಒಂದೊಂದು ಸಂದಿಗೂ ಕೆಲವು ನಿಮಿಷ ಕೊಟ್ಟು ಮೇಲೆ ಹೋಗಬೇಕು. ಮೇಲಿಂದ ಬಿಟ್ಟರೆ ಎಲ್ಲ ಕಡೆಯೂ ಒದ್ದೆಯಾಗಿ ಯಾವ ಸಂದಿ ಅಂತ ಗೊತ್ತಾಗುವುದಿಲ್ಲ. ನಮ್ಮಲ್ಲಿ ಸಿಕ್ಕಿದ್ದು ಬಾಗಿಲ ಮೇಲಿನ ಪಟ್ಟಿಯಲ್ಲಿ. ಸಿಲ್ವರ್ ಓಕ್ ಎಲೆ ಕೊಳೆತು ತುಂಬಿಕೊಂಡು ನೀರು ಅಲ್ಲೇ ನಿಲ್ಲುತ್ತಿತ್ತು. ಈಗ ಗಾಡಿಯನ್ನು ಮರದಡಿಯಿಂದ ಶೆಡ್ಡಿಗೆ ತಂದಿದ್ದೇವೆ.

ಕೆಲಸ ಮಾಡಿಸುವ ಕಾಲವೂ ಮುಖ್ಯ. ಕಣದಲ್ಲಿ ಕಾಫಿ ಒಣಗುವ ಜನವರಿ, ಫೆಬ್ರವರಿಯೇ ಇದಕ್ಕೆ ಸರಿಯಾದ ಸಮಯ. ಮೇ ಕೊನೆಯಲ್ಲಿ ಮಳೆ ಹಿಡಿಯುವ ಮುಂಚೆ ಬೇಗ ಮುಗಿಸಿಕೊಡಿ ಅಂತ ಅವಸರ ಮಾಡಿದರೆ ಒದ್ದೆ ಮರವನ್ನೇ ಒಳಗೆ ಸೇರಿಸಿ ಮುಚ್ಚುತ್ತಾರೆ. ಮುಚ್ಚುವ ಮುಂಚೆ ತೇವ ಅಳೆಯುವ ಮೀಟರ್ ಇಟ್ಟು ನೋಡಿ. 15 ಶೇಕಡದ ಆಸುಪಾಸಿಗೆ ಇಳಿಯುವವರೆಗೆ ಕಾಯಿರಿ. ಲಡ್ಡು ಮರವನ್ನು ಕಂಡಷ್ಟೇ ಕತ್ತರಿಸಬಾರದು. ಗಟ್ಟಿ ಮರ ಸಿಕ್ಕಿ, ಅದರಿಂದಲೂ ಆಚೆಗೆ ಛಾಸಿಯ ಅಡ್ಡಪಟ್ಟಿ ಸಿಗುವವರೆಗೆ ತೆಗೆಯಿರಿ. ಹೊಸದು ಹಳೆಯದು ಸೇರುವ ಜಾಗ ಆ ಕಬ್ಬಿಣದ ಮೇಲೇ ಕೂರಬೇಕು.

ಫೋಟೊ ತೋರಿಸಿದಾಗ ವರ್ಕ್‌ಶಾಪಿನವರು "ಕೊಡಗಿನ ಮಳೆಗೆ ಯಾವ ಪ್ಲೈಯೂ ನಿಲ್ಲಲ್ಲ" ಅಂದರು. ಬಿಲ್ಲಿನಲ್ಲಿ ಬರೆದ ಪ್ಲೈ ಎಲ್ಲಿ ಅಂತ ಕೇಳಿದ್ದಕ್ಕೆ ಉತ್ತರ ಇಲ್ಲ. ನಾವು ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಸಿದ್ಧ ಮಾಡುತ್ತಿದ್ದೇವೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ವರ್ಕ್‌ಶಾಪ್ ಬೇರೆ ಜಿಲ್ಲೆಯಲ್ಲಿದ್ದರೂ ನಾವು ಇರುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಎರಡು ವರ್ಷದೊಳಗೆ ಕೊಡಬೇಕು. ಕೊಟ್ಟ ದುಡ್ಡು ಐದು ಲಕ್ಷದೊಳಗಿದ್ದರೆ ಶುಲ್ಕ ಇಲ್ಲ. ನಿಮಗೂ ಹೀಗೇ ಆಗಿದ್ದರೆ ನೆಲ ಬಿಚ್ಚುವಾಗ ವಿಡಿಯೊ ಮಾಡಿಕೊಳ್ಳಿ. ಬಿಲ್ಲು ಜೋಪಾನ. ಕಿತ್ತ ಪ್ಲೈಯ ಎರಡು ತುಂಡುಗಳನ್ನಾದರೂ ಚೀಲದಲ್ಲಿ ಕಟ್ಟಿಡಿ, ಒಲೆಗೆ ಹಾಕಿಬಿಡಬೇಡಿ.