ಈಜಿಪ್ಟಾ ಗ್ರೀಸಾ, ಸತ್ತಮೇಲಿನ ಕಥೆ ಎಲ್ಲಿಂದ ಶುರು ಮಾಡೋದು?

ಸತ್ತಮೇಲೆ ಏನಾಗುತ್ತೆ ಅನ್ನೋ ನಂಬಿಕೆ ಹಳೇ ಕಾಲದಲ್ಲಿ ಹೇಗ್ ಬದಲಾಯ್ತು ಅಂತ ಓದೋಕೆ ಹೊರಟಿದ್ರೆ ನನ್ ವೋಟು ಮೊದ್ಲು ಈಜಿಪ್ಟಿಗೆ, ಅಲ್ಲಿ ಬದಲಾವಣೆ ಕಣ್ಣಿಗೇ ಕಾಣುತ್ತೆ. ಕ್ರಿ.ಪೂ. 2350ರ ಸುಮಾರಿಗೆ ಉನಾಸ್ ರಾಜನ ಪಿರಮಿಡ್ ಒಳಗೆ ಗೋಡೆ ಮೇಲೆ ಮಂತ್ರ ಕೆತ್ತಿದ್ರು, ಅವು ರಾಜಂಗೆ. ಆಮೇಲೆ ಅದೇ ಥರದ ಮಂತ್ರ ಅಧಿಕಾರಿಗಳ ಶವಪೆಟ್ಟಿಗೆಗೆ ಇಳೀತು, ಕ್ರಿ.ಪೂ. 1550 ದಾಟಿದ್ಮೇಲೆ ಈ ಮಂತ್ರ ಬರೆದ ಪಪೈರಸ್ (ಜೊಂಡಿನ ಕಾಗದ) ಸುರುಳಿ ಬಂತು, ದುಡ್ಡಿದ್ದೋರು ಬರೆಸ್ಕೊಳ್ಳೋರು, ಕೆಲವಂತೂ ರೆಡಿಮೇಡ್, ಹೆಸರಿನ ಜಾಗ ಮಾತ್ರ ಖಾಲಿ (ನಮ್ಮ ಸ್ಟ್ಯಾಂಪ್ ಪೇಪರ್ ಥರಾನೇ!). ಅದ್ರಲ್ಲಿ ಸತ್ತೋರ ವಿಚಾರಣೆ ಚಿತ್ರಾನೂ ಇರುತ್ತೆ: ತಕ್ಕಡೀಲಿ ಒಂದ್ಕಡೆ ಸತ್ತೋನ ಹೃದಯ, ಇನ್ನೊಂದ್ಕಡೆ ಸತ್ಯದ ದೇವತೆ ಮಾತ್‌ಳ ಗರಿ, ಫೇಲಾದ್ರೆ ಮೊಸಳೆ ತಲೆಯ ಅಮ್ಮಿತ್ ನುಂಗಿ ನೀರು ಕುಡಿಯುತ್ತೆ.

ಗ್ರೀಸ್ ಬೇರೆ ರೂಟು. ಹೋಮರನ ಮಹಾಕಾವ್ಯ ಒಡಿಸ್ಸಿಯಲ್ಲಿ ಸತ್ತ ವೀರ ಅಕಿಲಿಸ್, ಈ ಸತ್ತೋರ ಲೋಕದಲ್ಲಿ ಎಲ್ಲರಿಗೂ ರಾಜ ಆಗೋದಕ್ಕಿಂತ ಭೂಮಿ ಮೇಲೆ ಬಡವನ ಹತ್ರ ಕೂಲಿ ಮಾಡೋದೇ ವಾಸಿ ಅಂತಾನೆ, ಅಂದ್ರೆ ಒಳ್ಳೆಯವ್ನು ಕೆಟ್ಟವ್ನು ಹೆಚ್ಚುಕಮ್ಮಿ ಎಲ್ರೂ ಬರೀ ನೆರಳು. ಶತಮಾನಗಳಾದ್ಮೇಲೆ ಸಮಾಧೀಲಿ ಪುಟ್ಟ ಚಿನ್ನದ ತಗಡು ಇಡೋರು, ಅದ್ರಲ್ಲಿ ದಾರಿ: ಬಿಳಿ ಸೈಪ್ರೆಸ್ ಮರದ ಹತ್ರದ ನೀರು ಮುಟ್ಬೇಡ, ನೆನಪಿನ ಸರೋವರದ ನೀರು ಕೇಳು. ತತ್ವಜ್ಞಾನಿ ಪ್ಲೇಟೋ ಹೊತ್ತಿಗೆ ವಿಚಾರಣೆ, ಪುನರ್ಜನ್ಮ ಎಲ್ಲಾ ಬಂತು, ನಮಗೆ ಇದು ಹೊಸದೇನಲ್ಲ ಬಿಡಿ.

ಚಿತ್ರ ನೋಡ್ತಾ ಕಲಿಯೋರಿಗೆ ಈಜಿಪ್ಟೇ ಸರಿ. ವಾದ, ತರ್ಕ ಇಷ್ಟ ಅಂದ್ರೆ ಗ್ರೀಸ್, ಆದ್ರೆ ಅಥೆನ್ಸ್ ಹತ್ರದ ಎಲ್ಯುಸಿಸ್ ಊರಿನ ಗುಟ್ಟಿನ ಆಚರಣೆ ಒಳಗೇನು ನಡೀತಿತ್ತು ಅಂತ ಹುಡುಕ್ಬೇಡಿ, ದೀಕ್ಷೆ ತಗೊಂಡೋರು ಬಾಯ್ಬಿಡೋ ಹಾಗಿರ್ಲಿಲ್ಲ.