ಹೊಸ ಕಾರ್ಡೋ, ಹಳೆಯದೋ, ಕಾರ್ಡೇ ಬೇಡವೋ?

ಗೇಮಿಂಗ್ ಕಂಪ್ಯೂಟರ್ ಜೋಡಿಸಲು ಎಎಮ್‌ಡಿಯ ರೈಜನ್ 5 5600ಜಿ ಪ್ರೊಸೆಸರ್ ಒಂದೇ ಸಾಕೇ, ಇಲ್ಲವೇ ರೈಜನ್ 5 5600ರ ಜೊತೆಗೆ ಗ್ರಾಫಿಕ್ಸ್ ಕಾರ್ಡ್ ಬೇಕೇ ಎಂದು ಡೊಂಬಿವಲಿಯ ಸ್ನೇಹಿತರು ಕೇಳಿದ್ದಾರೆ.

ಚಿತ್ರ ಮೂಡಿಸುವ ಗ್ರಾಫಿಕ್ಸ್ ಭಾಗ ಪ್ರೊಸೆಸರ್ ಒಳಗೇ ಇರುವುದರಿಂದ ಖರ್ಚಿನಲ್ಲಿ 5600ಜಿ ಹಗುರ. ಆದರೆ ಅದು ರ್‍ಯಾಮನ್ನೇ ಹಂಚಿಕೊಳ್ಳುವ ಕಾರಣ, ವೇಗಕ್ಕಾಗಿ 16 ಜಿಬಿಯ ಒಂದು ರ್‍ಯಾಮ್ ಪಟ್ಟಿಯ ಬದಲು 8 ಜಿಬಿಯ ಎರಡನ್ನು ಹಾಕಬೇಕು, ಇಲ್ಲದಿದ್ದರೆ ಆಟ ತಡವರಿಸುತ್ತದೆ. ವ್ಯಾಲರಂಟ್‌ನಂಥ ಹಗುರ ಆಟಗಳಿಗೆ ಇಷ್ಟು ಸಾಕು.

ಭಾರಿ ಆಟಗಳನ್ನು 1080ಪಿಯಲ್ಲಿ (ಫುಲ್ ಎಚ್‌ಡಿ ಸ್ಪಷ್ಟತೆಯಲ್ಲಿ) ಆಡುವವರಿಗೆ 8 ಜಿಬಿ ಸ್ವಂತ ಮೆಮೊರಿಯ ಆರ್‌ಎಕ್ಸ್ 6600ರಂಥ ಕಾರ್ಡ್ ಬೇಕು. ಮುಂಬೈಯ ಎಲೆಕ್ಟ್ರಾನಿಕ್ಸ್ ಪೇಟೆಯಾದ ಲ್ಯಾಮಿಂಗ್ಟನ್ ರಸ್ತೆಯಲ್ಲಿ ಸೆಕೆಂಡ್‌ಹ್ಯಾಂಡ್ ಅಗ್ಗಕ್ಕೆ ಸಿಕ್ಕೀತು. ಆದರೆ ಮುಂಬೈಯ ಉಪ್ಪುಗಾಳಿ, ಮಳೆಗಾಲದ ತೇವ ತಗಲಿದ್ದರೆ ಎಚ್‌ಡಿಎಂಐ ಕಿಂಡಿಯ (ಪರದೆಯ ಕೇಬಲ್ ಸಿಕ್ಕಿಸುವ ಜಾಗದ) ಸುತ್ತ ಕಿಲುಬು ಹಿಡಿದಿರಬಹುದು. ಆಟ ಓಡಿಸಿ ತೋರಿಸದವರಿಂದ ದಯವಿಟ್ಟು ಕೊಳ್ಳಬೇಡಿ. ವಾರಂಟಿ ಬೇಕೆನ್ನುವವರಿಗೆ ಹೊಸದೇ ಸರಿ.

ಈಗ ಕೈ ಬಿಗಿಯಿದ್ದರೆ 5600ಜಿ ಕೊಂಡು, ಮುಂದೆ ಅದೇ ಮದರ್‌ಬೋರ್ಡಿಗೆ ಕಾರ್ಡ್ ಸೇರಿಸಬಹುದು; ಪವರ್ ಸಪ್ಲೈ ಮಾತ್ರ ಈಗಲೇ 500 ವ್ಯಾಟಿನದಿರಲಿ.