ಮಿಡಿ ಉಪ್ಪಿನಕಾಯಿ ಮಾರಲು ಇಮೇಲ್ ಪತ್ರ: ಬ್ರೆವೋ ಒಂದೂವರೆ ವರ್ಷ ಬಳಸಿದ ಮೇಲೆ

ಶಿರಸಿಯಲ್ಲಿ ನಮ್ಮದು ಮನೆಯಲ್ಲೇ ನಡೆಯುವ ಅಪ್ಪೆಮಿಡಿ ಉಪ್ಪಿನಕಾಯಿ ವ್ಯಾಪಾರ. ನಾನು, ಅತ್ತೆ, ಸೀಸನ್‌ನಲ್ಲಿ ಇನ್ನಿಬ್ಬರು. ಗ್ರಾಹಕರಿಗೆ ಇಮೇಲ್‌ನಲ್ಲಿ ನ್ಯೂಸ್‌ಲೆಟರ್ ಶುರು ಮಾಡ್ತೀನಿ ಅಂದಾಗ ಮನೆಯಲ್ಲಿ ಎಲ್ಲರೂ ನಕ್ಕರು. ವಾಟ್ಸಾಪ್ ಇದೆಯಲ್ಲ, ಅಂದರು. ಇದೆ, ಆದರೆ ಅದರ ಬ್ರಾಡ್‌ಕಾಸ್ಟ್ ಪಟ್ಟಿಗೆ 256 ಜನರ ಮಿತಿ. ಅದೂ ನಮ್ಮ ನಂಬರ್ ಸೇವ್ ಮಾಡಿಕೊಂಡವರಿಗೆ ಮಾತ್ರ ತಲುಪುತ್ತದೆ. ವರ್ಷಕ್ಕೊಮ್ಮೆ ಒಂದು ಬಾಟಲಿ ತರಿಸುವವರು ನಂಬರ್ ಯಾಕೆ ಸೇವ್ ಮಾಡ್ತಾರೆ?

ಒಂದೇ ಸಲಕ್ಕೆ ನೂರಾರು ಜನರಿಗೆ ಇಮೇಲ್ ಕಳಿಸಿಕೊಡುವ ಕಂಪನಿಗಳಿವೆ. ಮೊದಲು ಅಂಥದ್ದೇ ಬೇರೊಂದು ಕಂಪನಿಯ ಸೇವೆ ಬಳಸಿ ಕೈ ಸುಟ್ಟುಕೊಂಡೆ. ತಪ್ಪು ನನ್ನದೇ. ಪರಿಚಯದವರೊಬ್ಬರು ಎರಡು ಸಾವಿರ ಇಮೇಲ್ ವಿಳಾಸಗಳ ಪಟ್ಟಿ ಕೊಟ್ಟರು, ಸುಮ್ನೆ ಎಲ್ಲರಿಗೂ ಕಳಿಸಿಬಿಟ್ಟೆ. ಅರ್ಧಕ್ಕರ್ಧ ವಾಪಸ್ ಬಂತು, ಉಳಿದದ್ದು ಸ್ಪ್ಯಾಮ್‌ಗೆ ಹೋಯಿತು. ಮೂರನೇ ದಿನ ನನ್ನ ಖಾತೆಯೇ ಬಂದ್.

ಆಮೇಲೆ ಇದೇ ಥರದ ಸೇವೆ ಕೊಡುವ ಬ್ರೆವೋಗೆ ಬಂದೆ. ಮೊದಲು ಸೆಂಡಿನ್‌ಬ್ಲೂ ಅಂತಿದ್ದ ಫ್ರೆಂಚ್ ಕಂಪನಿ ಇದು, 2023ರಲ್ಲಿ ಹೆಸರು ಬದಲಾಯಿತು. ಈ ಸಲ ಪಟ್ಟಿಯಲ್ಲಿ ನಮ್ಮ ಹತ್ತಿರ ಕೊಂಡವರು, ತಾವೇ ಇಮೇಲ್ ಬರೆದುಕೊಟ್ಟವರು ಮಾತ್ರ. ಒಟ್ಟು 412 ವಿಳಾಸ. ಉಚಿತ ಪ್ಲಾನ್‌ನಲ್ಲಿ ದಿನಕ್ಕೆ 300 ಇಮೇಲ್ ಅಷ್ಟೇ. ಹಾಗಾಗಿ ಪಟ್ಟಿಯನ್ನು ಎರಡು ಪಾಲು ಮಾಡಿ ಬೆಂಗಳೂರಿನವರಿಗೆ ಶನಿವಾರ, ಉಳಿದವರಿಗೆ ಭಾನುವಾರ ಕಳಿಸುತ್ತೇನೆ.

ಶುರುವಿನಲ್ಲಿ ತಲೆನೋವು ಅಂದರೆ ಡೊಮೇನ್, ಅಂದರೆ ಇಂಟರ್ನೆಟ್‌ನಲ್ಲಿ ನಮ್ಮದೇ ಹೆಸರಿನ ವಿಳಾಸ, ಮಾಡಿಕೊಳ್ಳುವ ಕೆಲಸ. ಜಿಮೇಲ್ ವಿಳಾಸದಿಂದಲೇ ಕಳಿಸೋಣ ಅಂದುಕೊಂಡಿದ್ದೆ, ಅದು ನಡೆಯಲ್ಲ. 2024ರ ಫೆಬ್ರವರಿಯಿಂದ ಜಿಮೇಲ್, ಯಾಹೂ ಎರಡೂ ಹೀಗೆ ಒಟ್ಟಿಗೆ ಕಳಿಸುವ ಇಮೇಲ್‌ಗಳಿಗೆ ನಿಯಮ ಬಿಗಿ ಮಾಡಿವೆ. ಸ್ವಂತ ಡೊಮೇನ್ ಬೇಕು, ಪತ್ರ ನಿಜಕ್ಕೂ ನಮ್ಮದೇ ಅಂತ ತೋರಿಸಲು ಅದಕ್ಕೆ ಎಸ್‌ಪಿಎಫ್, ಡಿಕಿಮ್ ಅಂತ ಏನೇನೋ ಸೇರಿಸಬೇಕು. ಅಕ್ಕನ ಮಗ ಫೋನಿನಲ್ಲಿ ಹೇಳಿಕೊಟ್ಟ, ಒಂದು ಗಂಟೆ ಹಿಡಿಯಿತು.

ಮೊದಲ ಪತ್ರ ಜೋರಾಗಿತ್ತು. ಬಣ್ಣದ ಬ್ಯಾನರ್, "ಹಬ್ಬದ ವಿಶೇಷ ರಿಯಾಯಿತಿ". ಬಂದದ್ದು ಎರಡೇ ಆರ್ಡರ್.

ಎರಡನೆಯದನ್ನು ರಾತ್ರಿ ಅಡುಗೆಮನೆಯಲ್ಲಿ ಕೂತು ಬರೆದೆ. ವಿಷಯದ ಸಾಲು "ಈ ಸಲ ಜೀರಿಗೆ ಮಿಡಿ ಕಡಿಮೆ". ಚಿಕ್ಕದು, ಮೊಬೈಲ್‌ನಲ್ಲಿ ಪೂರ್ತಿ ಕಾಣುತ್ತದೆ. ಹೂ ಬಿಟ್ಟಾಗ ಮೋಡ ಕವಿದು ಹೂವೆಲ್ಲ ಕರಟಿದ್ದು ಬರೆದೆ. ತೊಟ್ಟು ಮುರಿದ ಮಿಡಿ ನಾವು ಯಾಕೆ ತಗೊಳ್ಳಲ್ಲ ಅಂತಲೂ ಬರೆದೆ. ಸೊನೆ ಹೋದರೆ ಉಪ್ಪಿನಲ್ಲೇ ಮೆತ್ತಗಾಗಿಬಿಡುತ್ತದೆ. ಫೋಟೋ ಒಂದೇ: ಅತ್ತೆಯ ಅಂಗೈ ಮೇಲೆ ತೊಟ್ಟಿನ ಸಮೇತ ಒಂದು ಮಿಡಿ. ಕೊನೆಗೆ "ನಿಮ್ಮನೇಲಿ ಮಿಡಿ ಯಾವ ಭರಣೀಲಿ ಹಾಕ್ತಿದ್ರು?" ಅಂತ ಕೇಳಿದೆ.

ಎರಡು ದಿನದಲ್ಲಿ 31 ಬಾಟಲಿಗೆ ಆರ್ಡರ್. ಅದಕ್ಕಿಂತ ಖುಷಿ ಕೊಟ್ಟಿದ್ದು ಹತ್ತೊಂಬತ್ತು ಜನ ಬರೆದ ಉತ್ತರ. ಕ್ಯಾಲಿಫೋರ್ನಿಯಾದಲ್ಲಿರುವ ಒಬ್ಬರು ಮಲ್ಲೇಶ್ವರದ ಅಮ್ಮನಿಗೆ ಎರಡು ಬಾಟಲಿ ಕಳಿಸಿ ಅಂದರು. ಅವರ ಅಜ್ಜಿ ಭರಣಿಯ ಬಾಯಿಗೆ ಹಳೇ ಪಂಚೆ ಕಟ್ಟುತ್ತಿದ್ದರಂತೆ. ಉತ್ತರಗಳು ನೇರ ನನ್ನ ಇಮೇಲ್‌ಗೇ ಬರುವ ಹಾಗೆ ಇಟ್ಟುಕೊಂಡಿದ್ದೇನೆ, ಒಂದೊಂದಕ್ಕೂ ನಾನೇ ಬರೆಯುತ್ತೇನೆ.

ಎಷ್ಟು ಜನ ತೆರೆದು ನೋಡಿದರು ಅಂತ ಬ್ರೆವೋ ಶೇಕಡಾ ಲೆಕ್ಕ ತೋರಿಸುತ್ತದೆ. ಪತ್ರದೊಳಗಿನ ಒಂದು ಪುಟ್ಟ ಚಿತ್ರ ಫೋನಿಗೆ ಇಳಿದರೆ ತೆರೆದರು ಅಂತ ಲೆಕ್ಕ. ನಾನು ಅದನ್ನು ಜಾಸ್ತಿ ನಂಬಲ್ಲ. 2021ರಿಂದ ಆಪಲ್ ಫೋನುಗಳ ಮೇಲ್ ಆ್ಯಪ್ ಪತ್ರದ ಚಿತ್ರಗಳನ್ನು ಮೊದಲೇ ಇಳಿಸಿಕೊಳ್ಳುತ್ತದೆ, ಓದದಿದ್ದರೂ ಓದಿದ ಲೆಕ್ಕ. ಯಾರು ಲಿಂಕ್ ಒತ್ತಿದರು, ಯಾರು ಉತ್ತರ ಬರೆದರು, ಅಷ್ಟೇ ನೋಡುತ್ತೇನೆ. ಪಟ್ಟಿ ಬಿಟ್ಟು ಹೋದವರು ಇಲ್ಲಿಯವರೆಗೆ ಹನ್ನೊಂದು ಜನ. ಅದರಲ್ಲಿ ನನ್ನ ನಾದಿನಿಯೂ ಒಬ್ಬಳು!

ಕೊರತೆ ಇಲ್ಲವೇ? ಇದೆ. ಮೆನು ಕನ್ನಡದಲ್ಲಿಲ್ಲ, ಅತ್ತೆಗೆ ಕೆಲಸ ಒಪ್ಪಿಸಲು ಆಗಲ್ಲ. ಉಚಿತ ಪ್ಲಾನ್‌ನಲ್ಲಿ ಪತ್ರದ ಕೆಳಗೆ ಅವರ ಲೋಗೋ ಇರುತ್ತದೆ. ಕನ್ನಡ ಅಕ್ಷರ ಮಾತ್ರ ನಾನು ನೋಡಿದ ಯಾವ ಫೋನಿನಲ್ಲೂ ಒಡೆಯಲಿಲ್ಲ.

ಐದಕ್ಕೆ ನಾಲ್ಕು ಕೊಡ್ತೀನಿ. ದುಡ್ಡು ಕೊಡುವ ಪ್ಲಾನ್ ವಿಚಾರ ಪಟ್ಟಿ 600 ದಾಟಿದಾಗ ನೋಡೋಣ. ಸದ್ಯಕ್ಕೆ ಶನಿವಾರ, ಭಾನುವಾರ ಎರಡು ದಿನ ಸಾಕು.